ನಿಂತ ಗೆರೆ, ಮಲಗಿದ ಗೆರೆ

"ಮುಟ್ಟಬೇಡಿ ಅಮ್ಮ, ಅದು ಸಾಕ್ಷಿ," ಎಂದರು ಇನ್‌ಸ್ಪೆಕ್ಟರ್.

"ಮುಟ್ಟದೆ ಬಣ್ಣ ಮಾತಾಡಲ್ಲ ಸಾರ್," ಎನ್ನುತ್ತಲೇ ಅತ್ತಿಗೆ ಉಗುರಿನ ತುದಿಯನ್ನು ಕಪ್ಪಕ್ಷರದ ಅಂಚಿಗೆ ಇಟ್ಟುಬಿಟ್ಟಿದ್ದಳು.

ಮೇಷ್ಟ್ರ ಮನೆಯ ಮುಂದಿನ ಕೋಣೆ. ನೆಲಕ್ಕೆ ಹಳೇ ಪೇಪರು ಹಾಸಿ ಆ ತಗಡಿನ ಬೋರ್ಡನ್ನು ಅಂಗಾತ ಮಲಗಿಸಿದ್ದರು. ಬಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ, ಇಂಗ್ಲಿಷಿನಲ್ಲಿ ಒಂದೇ ಸಾಲು. ಮಂಗಳವಾರ ಬೆಳಿಗ್ಗೆ ಇದೇ ಮನೆಯ ಗೇಟಿಗೆ ಅದನ್ನು ಯಾರೋ ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಒಳಗೆ ಮೇಷ್ಟ್ರು ಇರಲಿಲ್ಲ. ಇವತ್ತು ಶುಕ್ರವಾರ. ಇನ್ನೂ ಇಲ್ಲ.

'ಇದೇ ನಿನ್ನ ಕೊನೆಯ ತಪ್ಪು' ಎಂದು ಅದರ ಅರ್ಥ. ತಪ್ಪು ಎನ್ನುವ ಪದದಲ್ಲೇ ಒಂದು ತಪ್ಪಿತ್ತು. ಆ ಪದವನ್ನು ಹಾಗೆ ಬರೆಯುವವನು ಊರಲ್ಲಿ ಒಬ್ಬನೇ ಎಂದು ಪೇಪರು ಓದುವವರಿಗೆಲ್ಲ ಗೊತ್ತು. ಆ ಒಬ್ಬ ಈಗ ಹೊರಗೆ ಮೆಟ್ಟಿಲ ಮೇಲೆ, ಪೊಲೀಸಿನವನ ಮಗ್ಗುಲಲ್ಲಿ, ಮೊಣಕಾಲು ತಬ್ಬಿಕೊಂಡು ಕುಳಿತಿದ್ದ. ಬೋರ್ಡು ಬರೆಯುವ ಪೇಂಟರ್. ಅವಳ ಗಂಡನ ತಮ್ಮ.

ಅವನು ಕೂಗಿ ಕೂಗಿ ಊರಿಗೆಲ್ಲ ಅವಳು ಅತ್ತಿಗೆಯಾಗಿದ್ದಳು. ಪೇಂಟಂಗಡಿಯಲ್ಲಿ ಹದಿನೆಂಟು ವರ್ಷದಿಂದ ಬಣ್ಣ ಬೆರೆಸುವ ಕೆಲಸ. ಒಣಗಿದ ಹನಿ ನೋಡಿ ಡಬ್ಬಿ ಯಾವುದೆಂದು ಹೇಳುವಳು. ಹಾಗೆಂದು ಕಳ್ಳರನ್ನು ಹಿಡಿಯುವ ಚಟವೇನೂ ಅವಳಿಗಿರಲಿಲ್ಲ. ಮೈದುನನ ಕುತ್ತಿಗೆಗೆ ಬಂದಾಗ ಯಾರಾದರೂ ಕಣ್ಣು ಬಿಡಲೇಬೇಕಲ್ಲ.

"ನಾಲ್ಕು ಗಂಟೆಗೆ ಇವನ ಮೇಲೆ ಕೇಸು ಬರೀತೀನಿ," ಎಂದರು ಇನ್‌ಸ್ಪೆಕ್ಟರ್ ಗಡಿಯಾರ ನೋಡದೆ. ಅವರದು ಮೆತ್ತನೆಯ ದನಿ. ಎಂದೂ ಗದರಿದವರಲ್ಲ, ಅದಕ್ಕೇ ಜನ ಹೆದರುತ್ತಿದ್ದರು. "ಬೆದರಿಕೆ, ಅಪಹರಣ. ಹೆಣ ಸಿಕ್ಕರೆ ಇನ್ನೊಂದು ಸೇರುತ್ತೆ. ನೀವು ಕೇಳಿದ್ರಿ ಅಂತ ಇವನನ್ನ ಇಲ್ಲಿಗೆ ಕರ್ಕೊಂಡು ಬಂದೆ. ಬಾಯಿ ಬಿಡಿಸಿ ನೋಡೋಣ. ನಮ್ಮ ಕೈಲಂತೂ ಆಗಲಿಲ್ಲ."

ಅದೇ ಅತ್ತಿಗೆಗೂ ಬಗೆಹರಿಯದ ವಿಷಯ. ಸೋಮವಾರ ಸಂಜೆ ಎಲ್ಲಿದ್ದೆ ಎಂದರೆ ಅಂಗಡಿಯಲ್ಲಿದ್ದೆ ಎನ್ನುವನು. ಯಾರ ಬೋರ್ಡು ಬರೆಯುತ್ತಿದ್ದೆ ಎಂದರೆ ನೆಲ ನೋಡುವನು. ಸುಮ್ಮನಿರು ಎಂದರೂ ಬಡಬಡಿಸುವ ಪ್ರಾಣಿ, ನಾಲ್ಕು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಗಂಡನಾದರೂ ಊರಲ್ಲಿದ್ದಿದ್ದರೆ ಆಗುತ್ತಿತ್ತು. ಪೇಂಟಂಗಡಿಯ ವ್ಯಾನು ಓಡಿಸುವವನು, ಮಂಗಳವಾರ ಮಧ್ಯಾಹ್ನ ಲೋಡು ತೆಗೆದುಕೊಂಡು ಹೊರಟವನು ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಫೋನು ಮಾಡಿದ್ದ. "ನೀನು ಇದರೊಳಗೆ ಕೈ ಹಾಕಬೇಡ. ಪೊಲೀಸ್ನೋರು ನೋಡ್ಕೋತಾರೆ," ಎಂದಿದ್ದ. ಒಡಹುಟ್ಟಿದ ತಮ್ಮನ ವಿಷಯದಲ್ಲಿ ಅಷ್ಟು ತಣ್ಣಗಿರುವುದು ಅವಳಿಗೆ ಚುಚ್ಚಿತ್ತು. ಭಯಕ್ಕೆ ಹಾಗಾಡುತ್ತಾನೆ ಎಂದುಕೊಂಡು ಸುಮ್ಮನಾಗಿದ್ದಳು.

"ಸಾರ್, ಈ ಬೋರ್ಡು ಇವನ ಕೈಯದ್ದಲ್ಲ," ಎಂದಳು ಅತ್ತಿಗೆ ಎದ್ದು ನಿಂತು.

"ತಪ್ಪು ಅವನದೇ ಅಲ್ವಾ?"

"ತಪ್ಪು ಅವನದು. ಕೈ ಬೇರೆ."

ಇನ್‌ಸ್ಪೆಕ್ಟರ್ ನಕ್ಕರು. ನಗುವುದಕ್ಕೆ ಅವರಿಗೆ ಕಾರಣವಿತ್ತು. ಮೇಷ್ಟ್ರು ನಿವೃತ್ತರಾದ ಮೇಲೆ ವಾರಪತ್ರಿಕೆಯಲ್ಲಿ 'ಕೆಂಪು ಗೆರೆ' ಎಂಬ ಅಂಕಣ ಬರೆಯುತ್ತಿದ್ದರು. ಊರ ಬೋರ್ಡುಗಳಲ್ಲಿನ ಇಂಗ್ಲಿಷ್ ತಪ್ಪುಗಳೇ ಅವರ ಸರಕು. ಕ್ಷೌರದಂಗಡಿಯ ಬೋರ್ಡಿನಲ್ಲಿ ಕೂದಲು ಎಂದಿರಬೇಕಾದ ಕಡೆ ಒಂದಕ್ಷರ ತಪ್ಪಿ ವಾರಸುದಾರ ಎಂದು ಬಿದ್ದಿತ್ತು. 'ಇಲ್ಲಿ ವಾರಸುದಾರರನ್ನು ನಯವಾಗಿ ಕತ್ತರಿಸಲಾಗುವುದು, ಆಸ್ತಿಯುಳ್ಳ ಅಪ್ಪಂದಿರು ಮಕ್ಕಳೊಡನೆ ಬರಬಹುದು' ಎಂದು ಬರೆದರು. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ 'ಇಲ್ಲಿ ಕಾಯಿರಿ' ಎನ್ನುವುದು 'ಇಲ್ಲಿ ತೂಗಿರಿ' ಎಂದಾಗಿತ್ತು. 'ಹಲ್ಲು ಕೀಳಿಸುವ ಮುಂಚೆ ತೂಗಿಕೊಂಡೆ, ಕಿತ್ತ ಮೇಲೂ ತೂಗಿಕೊಂಡೆ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ' ಎಂದರು.

ಎರಡೂ ಇವನೇ ಬರೆದ ಬೋರ್ಡುಗಳು. ಇವನಿಗೆ ಇಂಗ್ಲಿಷ್ ಬಾರದು. ಗಿರಾಕಿ ಕೊಟ್ಟ ಚೀಟಿಯನ್ನು ಚಿತ್ರ ನೋಡುವಂತೆ ನೋಡಿ ಹಾಗೇ ಇಳಿಸುವನು. ಒಮ್ಮೆ ಬರೆದ ಬೋರ್ಡನ್ನು ವರ್ಷ ಕಳೆದರೂ ಚೀಟಿಯಿಲ್ಲದೆ ಮತ್ತೆ ಬರೆಯಬಲ್ಲ. ತಪ್ಪು ಗಿರಾಕಿಯದು, ಹೆಸರು ಇವನಿಗೆ. ಬೇಜಾರಾಗಲಿಲ್ಲವೇ ಎಂದರೆ, "ಪೇಪರಲ್ಲಿ ಬಂದಿದೀನಿ ಅಲ್ವಾ," ಎಂದು ಆ ತುಣುಕುಗಳನ್ನೆಲ್ಲ ಅಂಗಡಿಯ ಗೋಡೆಗೆ ಅಂಟಿಸಿದ್ದ. ಮೇಷ್ಟ್ರು ವಾರಕ್ಕೊಮ್ಮೆ ಬಂದು ಅವನ ಚೀಟಿಗಳನ್ನು ತಿದ್ದುವರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಇಂಗ್ಲಿಷನ್ನು ಬೈಯುವರು.

"ಬಾಯಲ್ಲಿ ಬರದ ಅಕ್ಷರನ ಬೋರ್ಡಲ್ಲಿ ಯಾಕೆ ಬರೀಬೇಕು ಮೇಷ್ಟ್ರೇ? ಊಟಕ್ಕೆ ಬರದ ನೆಂಟರಿಗೆ ತಟ್ಟೆ ಇಟ್ಟಂಗೆ," ಎಂದು ಇವನು.

"ಆ ನೆಂಟರಿಗೆ ತಟ್ಟೆ ಇಡದೆ ಹೋದ್ರೆ ಬಂದ ನೆಂಟರು ಮುನಿಸ್ಕೋತಾರೆ ಕಣಯ್ಯ," ಎಂದು ಅವರು.

ಹೋದ ತಿಂಗಳು ಆ ನಗು ನಿಂತಿತು. ಹೊಸ ಬಸ್ ನಿಲ್ದಾಣದ ಅಷ್ಟೂ ಬೋರ್ಡುಗಳ ಕೆಲಸ ಇವನಿಗೆ ಬರಬೇಕಿತ್ತು. ಅಂಕಣ ಓದಿದ ಅಧಿಕಾರಿ ಬೇಡವೆಂದ. ಇವನು ನಡುರಸ್ತೆಯಲ್ಲಿ ಇಪ್ಪತ್ತು ಜನರ ಮುಂದೆ, "ಆ ಕನ್ನಡಕ ಒಡೆದು ಹಾಕ್ತೀನಿ, ಆಮೇಲೆ ಯಾವ ತಪ್ಪು ಕಾಣುತ್ತೋ ನೋಡ್ತೀನಿ," ಎಂದುಬಿಟ್ಟ.

ಆ ಇಪ್ಪತ್ತು ಜನರ ಹೇಳಿಕೆಯೂ ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಫೈಲಿನಲ್ಲಿತ್ತು.

"ಅವನ ಕೈಗೆ ಒಂದು ಬ್ರಶ್ಶು ಕೊಡ್ತೀನಿ ಸಾರ್," ಎಂದಳು ಅತ್ತಿಗೆ. "ಇದೇ ಸಾಲು ಬರೀಲಿ. ನೀವು ನಿಂತು ನೋಡಿ, ಸಾಕು."

ಅವರು ಕೈಯಾಡಿಸಿ ಒಪ್ಪಿದರು. ಅತ್ತಿಗೆ ಚೀಲದಿಂದ ಬಿಳಿ ಹೊಡೆದ ತಗಡು, ಸಣ್ಣ ಕಪ್ಪು ಡಬ್ಬಿ, ಹೊಸ ಬ್ರಶ್ಶು, ನೂಲುಂಡೆ, ಪೊಟ್ಟಣದಲ್ಲಿ ಸುಣ್ಣದ ಪುಡಿ ತೆಗೆದಿಟ್ಟಳು. ಮೈದುನ ಒಳಗೆ ಬಂದು ಬ್ರಶ್ಶನ್ನು ತಿರುಗಿಸಿ ನೋಡಿದ.

"ನನ್ನ ಬ್ರಶ್ಶು ತರಬಾರದಿತ್ತಾ ಅತ್ತಿಗೆ?"

"ನಿನ್ನ ಅಂಗಡಿ ಕೀಲಿಕೈ ಮನೇಲಿ ಮೊಳೆ ಮೇಲೆ ಇರಲಿಲ್ಲ ಕಣೋ. ಮಂಗಳವಾರ ಬೆಳಿಗ್ಗೆ ಇವರು ನಿನ್ನ ಹಿಡ್ಕೊಂಡು ಹೋದಾಗ ಬೀಗ ಹಾಕಿ ಮನೆಗೆ ಕಳಿಸ್ಲಿಲ್ವಾ?"

"ಕಳಿಸಿದ್ದೆ," ಎಂದ ಅವನು. ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಏನೋ ಹೇಳುವವನಂತೆ ತುಟಿ ಅಲುಗಿತು. ಆಮೇಲೆ ತಲೆ ತಗ್ಗಿಸಿ ನೂಲಿಗೆ ಸುಣ್ಣ ಸವರತೊಡಗಿದ.

ನೂಲನ್ನು ಎಳೆದು ಹಿಡಿದು ಚಿಟಿಕೆ ಹೊಡೆದಂತೆ ಬಿಟ್ಟ. ತಗಡಿನ ಮೇಲೆ ಒಂದು ಗೆರೆ. ಕೆಳಗೆ ಇನ್ನೊಂದು. ಬ್ರಶ್ಶು ಅದ್ದಿ, ಆ ಎರಡು ಗೆರೆಗಳ ನಡುವೆ ಮೇಲಿಂದ ಕೆಳಕ್ಕೆ ಒಂದು ಕಪ್ಪು ಗೀಟು. ಸ್ವಲ್ಪ ಜಾಗ ಬಿಟ್ಟು ಇನ್ನೊಂದು. ಹಾಗೇ ತಗಡಿನ ಆ ತುದಿಯವರೆಗೆ, ಬೇಲಿಗೆ ಗೂಟ ನೆಟ್ಟ ಹಾಗೆ, ಗೀಟುಗಳನ್ನಷ್ಟೇ ನಿಲ್ಲಿಸುತ್ತ ಹೋದ.

"ಇದು ಇಂಗ್ಲಿಷೋ, ಬೇಲಿಯೋ?" ಎಂದರು ಇನ್‌ಸ್ಪೆಕ್ಟರ್.

"ಮೊದಲು ನಿಂತ ಗೆರೆ ಸಾರ್," ಎಂದಳು ಅತ್ತಿಗೆ. "ಬೋರ್ಡಿಗೆಲ್ಲ ಅದೇ ಮುಗೀಬೇಕು. ಆಮೇಲೆ ಮಲಗಿದ ಗೆರೆ. ಆಮೇಲೆ ಸುತ್ತು. ಅಂಕಿ ಇದ್ರೆ ಎಲ್ಲಕ್ಕಿಂತ ಕೊನೆಗೆ. ಇವನು ಕಲಿತದ್ದೇ ಹಾಗೆ. ಬ್ರಶ್ಶು ಒಂದೇ ದಿಕ್ಕಿಗೆ ಓಡುತ್ತೆ, ಅಂತರ ಕೆಡಲ್ಲ. ಅಕ್ಷರ ಓದೋಕೆ ಬರೋನು ಹಾಗೆ ಬರೆಯಲ್ಲ. ಒಂದಕ್ಷರ ಮುಗಿಸಿ ಮುಂದಿನದಕ್ಕೆ ಹೋಗ್ತಾನೆ."

ಅವಳು ಗೇಟಿನ ಬೋರ್ಡಿನತ್ತ ಬಾಗಿದಳು. "ಇದನ್ನ ನೋಡಿ. ಪ್ರತಿ ಪದದ ಮೊದಲಕ್ಷರ ದಪ್ಪ, ಉಗುರಿಗೆ ಸಿಗುತ್ತೆ. ಕೊನೆ ಅಕ್ಷರಕ್ಕೆ ಬರೋ ಹೊತ್ತಿಗೆ ಬಣ್ಣ ಒಣಕಲು. ಪದಕ್ಕೊಂದು ಸಲ ಅದ್ದಿದಾರೆ, ಇಂಕಿನ ಪೆನ್ನು ಅದ್ದೋ ಹಾಗೆ. ನೂಲೂ ಹೊಡೆದಿಲ್ಲ. ಸ್ಕೇಲಿಟ್ಟು ಪೆನ್ಸಿಲಲ್ಲಿ ನಾಲ್ಕು ಗೆರೆ ಎಳೆದು ರಬ್ಬರಲ್ಲಿ ಅಳಿಸಿದಾರೆ. ನಾಲ್ಕು ಗೆರೆ ಎಳೆದು ಇಂಗ್ಲಿಷ್ ಬರೆಸೋರು ಯಾರು ಸಾರ್? ಶಾಲೇಲಿ ನೀವೂ ಬರೆದಿರ್ತೀರಿ."

ಬಾಗಿಲ ಪರದೆ ಅಲುಗಿತು. ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮೇಷ್ಟ್ರ ಮಗಳು ನಿಂತಿದ್ದಳು. ಮೂವತ್ತರ ಹೆಂಗಸು, ನಾಲ್ಕು ದಿನದಲ್ಲಿ ನಲವತ್ತರವಳಾಗಿದ್ದಳು.

"ಬಾಮ್ಮಾ, ಇಲ್ಲಿ ಕೂತ್ಕೋ," ಎಂದಳು ಅತ್ತಿಗೆ. "ಹೋದ ಗುರುವಾರ ನಿಮ್ಮಪ್ಪ ನನ್ನ ಹತ್ರಾನೇ ಒಂದು ಸಣ್ಣ ಡಬ್ಬಿ ಕಪ್ಪು, ಒಂದು ಬಿಳಿ ತಗೊಂಡ್ರು. ಗೇಟಿಗೆ ಹೊಡೀಬೇಕು ಅಂದ್ರು. ಒಂದು ರಾತ್ರೀಲಿ ಒಣಗುತ್ತಾ ಅಂತಾನೂ ಕೇಳಿದ್ರು. ಈಗ ಬರ್ತಾ ನಿಮ್ಮ ಗೇಟು ನೋಡ್ದೆ. ಕೈಗೆಲ್ಲ ತುಕ್ಕು."

"ಅಕ್ಕಾ, ನನಗೆ ಆ ವಿಷಯ..."

"ನಿನಗೆ ಗೊತ್ತು. ಗೊತ್ತಿಲ್ಲದೋರು ಬೋರ್ಡು ನೋಡ್ತಾರೆ. ಇವನು ಬ್ರಶ್ಶು ಹಿಡಿದಾಗಿಂದ ನೀನು ಪರದೆ ಸಂದೀಲಿ ಇವನ ಕೈ ನೋಡ್ತಿದೀಯ."

ಮಗಳು ಕುರ್ಚಿಯ ತೋಳು ಹಿಡಿದು ಕುಳಿತಳು.

"ಇವನು ಮಾಡಿದ್ರೆ ನಾನೇ ಇವನ ಕೈ ಹಿಡಿದು ಜೀಪು ಹತ್ತಿಸ್ತಿದ್ದೆ," ಎಂದಳು ಅತ್ತಿಗೆ, ದನಿ ತಗ್ಗಿಸಿ. "ಮಾಡದ ತಪ್ಪಿಗೆ ಹೋದ್ರೆ ಆ ಭಾರ ನಿನ್ನ ತಲೆ ಮೇಲಿರುತ್ತೆ. ನಾಲ್ಕು ಗಂಟೆ ಆಗೋಕೆ ಇನ್ನು ಅರ್ಧ ಗಂಟೆ ಇದೆ."

"ಅಪ್ಪ ತಮಾಷೆಗೆ ಮಾಡಿದ್ದು," ಎಂದಳು ಮಗಳು. ಮಾತು ಹೊರಬಂದದ್ದೇ ಕಣ್ಣು ತುಂಬಿತು. "ನಾಳೆ ನೂರನೇ ಅಂಕಣ. ತಮಗೆ ತಾವೇ ಬೆದರಿಕೆ ಹಾಕ್ಕೊಂಡು ಅದರಲ್ಲಿ ಒಂದು ತಪ್ಪಿಟ್ಟು, ಬೆದರಿಕೆ ಹಾಕೋಕೂ ಇಂಗ್ಲಿಷ್ ಬರದ ಊರು ಅಂತ ಬರೀತೀನಿ ಅಂದ್ರು. ಹೆಡಿಂಗ್ ಹೇಳ್ಕೊಂಡು ನಕ್ಕರು. ಸೋಮವಾರ ಸಂಜೆ ಹಿತ್ತಲಲ್ಲಿ ಒಣಗೋಕೆ ಇಟ್ಟಿದ್ರು. ಬೆಳಿಗ್ಗೆ ನೋಡಿದ್ರೆ ಬೋರ್ಡು ಗೇಟಲ್ಲಿದೆ, ಅಪ್ಪ ಇಲ್ಲ."

"ಇದನ್ನ ಮಂಗಳವಾರಾನೇ ಹೇಳಬಹುದಿತ್ತು," ಎಂದರು ಇನ್‌ಸ್ಪೆಕ್ಟರ್.

"ಮೊದಲ ದಿನ ಇದೂ ತಮಾಷೆ ಇರಬೇಕು ಅಂದ್ಕೊಂಡೆ. ಆಮೇಲೆ ಹೆದರಿಕೆ ಆಯ್ತು. ಬೋರ್ಡು ಸುಳ್ಳು ಅಂತ ಗೊತ್ತಾದ್ರೆ ನೀವು ಅಪ್ಪನ್ನ ಹುಡುಕೋದನ್ನೇ ಬಿಡ್ತೀರಿ ಅಂತ. ಮುದುಕ ಎಲ್ಲೋ ಹೋಗಿ ಕೂತಿದಾನೆ, ಬರ್ತಾನೆ ಬಿಡಿ ಅಂತೀರಿ. ಬೋರ್ಡು ನಿಜ ಇದ್ರೆ ಹುಡುಕ್ತೀರಲ್ಲ." ಅವಳು ಪೇಂಟರ್ ಕಡೆ ತಿರುಗಿದಳು. "ನಿಮ್ಮ ವಿಷಯ ಯೋಚನೆ ಮಾಡ್ಲಿಲ್ಲ ಅಂತಲ್ಲ. ದಿನಾ ಮಾಡ್ದೆ."

ಪೇಂಟರ್ ತಲೆಯಾಡಿಸಿದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

ಅತ್ತಿಗೆಗೆ ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ಎದೆಯ ತಳಕ್ಕೆ ಇಳಿಯಿತು. "ಇನ್ನು ಇವನನ್ನ ಕಳಿಸ್ತೀರಲ್ಲ ಸಾರ್?"

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. "ನೀವು ಹೇಳಿದ್ದನ್ನ ಬರ್ಕೋತೀನಿ. ಮೊದಲು ನಿಂತ ಗೆರೆ, ಆಮೇಲೆ ಮಲಗಿದ್ದು, ಆಮೇಲೆ ಸುತ್ತು, ಕೊನೆಗೆ ಅಂಕಿ. ಹೌದಾ?"

"ಹೌದು."

"ಹೀಗೆ ಬರೆಯೋರು ಊರಲ್ಲಿ ಬೇರೆ ಯಾರಾದ್ರೂ ಇದಾರಾ?"

"ಎಲ್ಲಿದಾರೆ ಸಾರ್? ಮಿಕ್ಕವರೆಲ್ಲ ಕಂಪ್ಯೂಟರಲ್ಲಿ ಪ್ರಿಂಟು ಹಾಕಿಸ್ತಾರೆ. ಬ್ರಶ್ಶು ಹಿಡಿಯೋನು ಇವನೊಬ್ಬನೇ."

"ಒಂದು ಸಹಿ ಹಾಕಿಬಿಡಿ."

ಅತ್ತಿಗೆ ಖುಷಿಯಿಂದಲೇ ಹಾಕಿದಳು. ಶಾಯಿ ಒಣಗಲೆಂದು ಅವರು ಹಾಳೆಗೆ ಊದಿದರು, ಮಡಚಿದರು, ಜೇಬಿಗಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, "ಜೀಪಲ್ಲಿರೋದನ್ನ ತಗೊಂಡು ಬಾ," ಎಂದರು.

ಪೊಲೀಸಿನವನು ಗೋಣಿಯಲ್ಲಿ ಸುತ್ತಿದ ತಗಡೊಂದನ್ನು ತಂದು ಗೋಡೆಗೆ ಒರಗಿಸಿದ. ಗೋಣಿ ಜಾರಿತು.

ಬಿಳಿ ತಗಡು. ಸುಣ್ಣದ ನೂಲು ಹೊಡೆದ ಗೆರೆಗಳು. ನಡುವೆ, ಒಂದರ ಕೆಳಗೊಂದು ಎರಡು ಸಾಲಿನಲ್ಲಿ, ಬರೀ ನಿಂತ ಗೆರೆಗಳು.

ಅಕ್ಷರ ಯಾವುದೂ ಇಲ್ಲ. ಬೇಲಿಯೊಂದೇ.

"ಬೆಳಿಗ್ಗೆ ಆರಕ್ಕೆ ಸಿಕ್ತು," ಎಂದರು ಇನ್‌ಸ್ಪೆಕ್ಟರ್. "ಮುಚ್ಚಿರೋ ಐಸ್ ಫ್ಯಾಕ್ಟರೀಲಿ. ಏನಿದು ಅಂತ ನಮಗ್ಯಾರಿಗೂ ತಿಳೀಲಿಲ್ಲ. ನೀವು ತಿಳಿಸಿಕೊಟ್ರಿ." ಅವರು ಕರವಸ್ತ್ರದ ಗಂಟನ್ನು ಮೇಜಿನ ಮೇಲೆ ಬಿಚ್ಚಿದರು. "ಪಕ್ಕದಲ್ಲಿ ಇದಿತ್ತು."

ದಪ್ಪ ಚೌಕಟ್ಟಿನ ಕನ್ನಡಕ. ಒಂದು ಗಾಜು ಒಡೆದಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅತ್ತಿಗೆಯ ಕಣ್ಣು ಇನ್‌ಸ್ಪೆಕ್ಟರ್ ಜೇಬಿನತ್ತ ಹೋಯಿತು. ಹಗ್ಗ ಬಿಚ್ಚಲು ಬಂದವಳು ತಾನೇ ಗಂಟು ಬಿಗಿದು, ಕೆಳಗೆ ಸಹಿ ಬೇರೆ ಹಾಕಿದ್ದಳು.

"ಇದೇನೋ ಇದು?" ಎಂದಳು ಮೈದುನನಿಗೆ.

"ಮಂಗಳವಾರ ಇವರು ಬಂದಾಗ ಅಂಗಡೀಲೇ ಇತ್ತು ಅತ್ತಿಗೆ. ನಿಂತ ಗೆರೆ ಮುಗಿಸಿದ್ದೆ, ಅಷ್ಟೇ. ಐಸ್ ಫ್ಯಾಕ್ಟರಿಗೆ ಹೇಗೆ ಹೋಯ್ತೋ ನನಗೆ ಗೊತ್ತಿಲ್ಲ."

"ಏನು ಬರೆಯೋದಿತ್ತು ಅದರಲ್ಲಿ?" ಎಂದರು ಇನ್‌ಸ್ಪೆಕ್ಟರ್. "ಅಲ್ಲೇ ಬ್ರಶ್ಶಿದೆ, ಬಣ್ಣ ಇದೆ. ಮುಗಿಸು."

"ಮುಟ್ಟಬೇಡ," ಎಂದಳು ಅತ್ತಿಗೆ. ಚೀಟಿಯಿಲ್ಲದೆ ಅದನ್ನು ಮುಗಿಸಿದರೆ, ಅದರಲ್ಲಿ ಏನಿದ್ದರೂ ಹೊಣೆ ತನ್ನದೇ ಎಂದು ಅವನು ಎಲ್ಲರ ಎದುರು ಬರೆದುಕೊಟ್ಟಂತೆ. "ಕೈ ಹಿಂದಿಟ್ಕೋ."

ಅವನು ಕೈ ಹಿಂದಿಟ್ಟುಕೊಂಡ. ಕಣ್ಣು ಮಾತ್ರ ತಗಡಿನ ಮೇಲೆಯೇ ಇತ್ತು. ಹದಿನೈದು ವರ್ಷದಲ್ಲಿ ಅವನು ಅರ್ಧಕ್ಕೆ ಬಿಟ್ಟ ಬೋರ್ಡು ಅದೊಂದೇ. ಹಸಿದವನ ಮುಂದೆ ತಟ್ಟೆ ಇಟ್ಟ ಹಾಗಾಗಿತ್ತು ಅವನ ಮುಖ.

"ಅಪ್ಪ ಎಲ್ಲಿದಾರೆ ಅಂತ ಅದರಲ್ಲಿದ್ರೆ?" ಎಂದಳು ಮಗಳು. ಜೋರಾಗಿ ಅಲ್ಲ.

ಅವನ ಕೈ ಮುಂದೆ ಬಂತು. ಅತ್ತಿಗೆ ತಡೆಯಲಿಲ್ಲ. ತಡೆಯಬಹುದಿತ್ತು, ಆ ಮಗಳ ಮುಖ ನೋಡಿದ ಮೇಲೆ ಆಗಲಿಲ್ಲ.

ಬ್ರಶ್ಶು ಮಲಗಿದ ಗೆರೆಗಳನ್ನು ಎಳೆಯಿತು. ಬೇಲಿಗೂಟಗಳು ಒಂದೊಂದಾಗಿ ಅಕ್ಷರಗಳಾದವು. ಸುತ್ತುಗಳು ಬಂದವು. ಮಗಳ ತುಟಿಗಳು ಓದುತ್ತ ಹೋದವು, ಅರ್ಧ ದಾರಿಯಲ್ಲಿ ನಿಂತುಬಿಟ್ಟವು.

"ಅಪ್ಪನ ಹೆಸರು," ಎಂದಳು. "ಪೂರ್ತಿ ಹೆಸರು. ಒಂದು ತಪ್ಪೂ ಇಲ್ಲ."

"ಕೆಳಗಿನ ಸಾಲು?" ಎಂದರು ಇನ್‌ಸ್ಪೆಕ್ಟರ್.

"ಇಲ್ಲಿ ಮಲಗಿದ್ದಾರೆ ಅಂತಿದೆ. ಸಮಾಧಿ ಕಲ್ಲಿನ ಮೇಲೆ ಬರೆಯೋ ಹಾಗೆ."

ಕೊನೆಗೆ ಅಂಕಿಗಳು. ಎರಡು ತಾರೀಖು, ನಡುವೆ ಒಂದು ಅಡ್ಡಗೀಟು. ಮೊದಲನೆಯದು ಅಪ್ಪ ಹುಟ್ಟಿದ ದಿನ ಎಂದಳು ಮಗಳು. ಎರಡನೆಯದನ್ನು ಯಾರೂ ಅವಳಿಗೆ ಓದಿ ಹೇಳಬೇಕಿರಲಿಲ್ಲ.

ಅದು ನಾಳೆಯ ತಾರೀಖು.

"ಅಂಕಿ ಓದೋಕೆ ನಿನಗೆ ಬರುತ್ತಲ್ಲೋ," ಎಂದಳು ಅತ್ತಿಗೆ.

"ಯಾವುದೋ ಫಂಕ್ಷನ್ ಅಂದ್ಕೊಂಡೆ ಅತ್ತಿಗೆ. ಶನಿವಾರ ಇದೆಯಲ್ಲ, ಅಷ್ಟರೊಳಗೆ ಬೇಕು ಅಂದಿದ್ರು."

"ಯಾರು ಅಂದಿದ್ರು? ಚೀಟಿ ಯಾರು ಕೊಟ್ರು?"

"ಅಕ್ಷರ ಮೇಷ್ಟ್ರದ್ದೇ. ಅವರು ತಿದ್ದಿದ್ದು ಎಷ್ಟು ನೋಡಿಲ್ಲ ನಾನು."

"ಅಕ್ಷರ ಯಾರದು ಅಂತ ಕೇಳ್ಲಿಲ್ಲ. ತಂದುಕೊಟ್ಟೋರು ಯಾರು?"

ಅವನು ಬ್ರಶ್ಶನ್ನು ಪ್ಯಾಂಟಿಗೆ ಒರೆಸಿದ. ಇನ್‌ಸ್ಪೆಕ್ಟರನ್ನು ನೋಡಿದ, ಆಮೇಲೆ ಅವಳನ್ನು. ಆಗ ಕೀಲಿಕೈ ವಿಷಯ ಬಂದಾಗ ನೋಡಿದ ಅದೇ ನೋಟ.

"ಕೀಲಿಕೈ ಮೊಳೆ ಮೇಲೆ ಇರಲಿಲ್ಲ ಅಂದ್ರಲ್ಲ," ಎಂದ, ಅವಳೊಬ್ಬಳಿಗೇ ಕೇಳುವಂತೆ. "ನಾನು ಸ್ಟೇಶನ್ನಲ್ಲಿದ್ದೆ. ನೀವು ತಗೊಂಡಿಲ್ಲ. ಮನೇಲಿ ಇರೋದು ಮೂರೇ ಜನ ಅತ್ತಿಗೆ."

ನಾಲ್ಕು ದಿನ ಅವನು ಯಾರಿಗಾಗಿ ಬಾಯಿ ಮುಚ್ಚಿಕೊಂಡಿದ್ದ ಎಂಬುದು ಅವಳಿಗೆ ಆಗ ತಿಳಿಯಿತು.

ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಅವಳು ತೆಗೆದು ನೋಡಿದಳು. ಗಂಡ.

"ಎತ್ತಿ ಅಮ್ಮ," ಎಂದರು ಇನ್‌ಸ್ಪೆಕ್ಟರ್, ಎಂದಿನ ಮೆತ್ತನೆಯ ದನಿಯಲ್ಲಿ. "ಸ್ಪೀಕರ್ ಹಾಕಿ."

ಎದುರಿಗೆ ಮೈದುನ, ಕೈತುಂಬ ಕಪ್ಪು ಬಣ್ಣ. ಕುರ್ಚಿಯಲ್ಲಿ ಮೇಷ್ಟ್ರ ಮಗಳು. ಗೋಡೆಗೊರಗಿದ ತಗಡಿನ ಮೇಲೆ ನಾಳೆಯ ತಾರೀಖು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಅತ್ತಿಗೆ ಬೆರಳಿಟ್ಟು ಒತ್ತಿದಳು.

ಅವಳು ಹಲೋ ಎನ್ನುವಷ್ಟು ಹೊತ್ತನ್ನೂ ಗಂಡ ಕೊಡಲಿಲ್ಲ.

"ಏನು," ಎಂದ, "ತಮ್ಮ ಬೋರ್ಡು ಮುಗಿಸಿದ್ನಾ?"